ನಿಮ್ಮ ಮೋಟಾರ್‌ಸೈಕಲ್ ಗುಜರಿಗೆ ಹೋಯಿತು

ಮನೆಯವರಿಗೆ,

ನೀವು ಮನೆಯಲ್ಲಿ ಇದ್ದದ್ದು ಕಡಿಮೆಯಾದರೂ ಹಾಗೆಂದೇ ಕರೆಯುತ್ತೇನೆ. ಸತ್ತವರಿಗೆ ಅಂಚೆಯಿಲ್ಲ, ಆದರೂ ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರೆ.

ನನ್ನ ಮಂಚವನ್ನು ಅಡುಗೆಮನೆಗೆ ತಳ್ಳಿ ನಡುಮನೆಯಲ್ಲಿ ನಿಲ್ಲಿಸಿದ್ದಿರಲ್ಲ, ಆ ಮೋಟಾರ್‌ಸೈಕಲ್ಲನ್ನು ಮೊಮ್ಮಗಳು ರಿಪೇರಿ ಮಾಡಿಸಿ ಇವತ್ತು ಬೀದಿಗಿಳಿಸಿದಳು.

"ಹಿಂದೆ ಹತ್ತಜ್ಜಿ."

"ಸೀರೆ ಚಕ್ರಕ್ಕೆ ಸಿಗುತ್ತೆ ಅಂತ ನಿಮ್ಮಜ್ಜ ಒಂದಿನಾನೂ ಕೂರಿಸ್ಲಿಲ್ಲ ಕಣೇ."

"ಅಜ್ಜ ಬುರುಡೆ ಬಿಟ್ಟಿದ್ದು. ಸೆರಗು ಸಿಕ್ಕಿಸ್ಕೊಂಡು ನನ್ನ ಗಟ್ಟಿಯಾಗಿ ಹಿಡ್ಕೋ."

ಸೇತುವೆಯವರೆಗೆ ಹೋಗಿ ಬಂದೆವು. ಇಳಿದ ಮೇಲೆ ಅವಳ ಮುಖ ನೋಡಿದೆ. ನಮ್ಮೂರ ಡಾಕ್ಟರರ ಮೋಟಾರ್‌ಸೈಕಲ್ ಹಿಂದೆ ಮೊದಲ ಸಲ ಕೂತು ಬಂದ ಸಂಜೆ ನಿಮ್ಮ ಮುಖವೂ ಹೀಗೇ ಹೊಳೆದಿತ್ತು. ಮದುವೆಯ ದಿನ ನನ್ನನ್ನು ನೋಡಿದಾಗಲೂ ಆ ಹೊಳಪು ಇರಲಿಲ್ಲ. ಒಂದೇ ಸವಾರಿಗೆ ನೀವು ನಮ್ಮ ಕೈ ತಪ್ಪಿದಿರಿ. ಆಮೇಲೆ ನಾನು ಹೆತ್ತಾಗಲೂ, ಮೊದಲ ಕೂಸನ್ನು ಮಣ್ಣು ಮಾಡಿದಾಗಲೂ ಸ್ವಂತ ಗಾಡಿಯ ಮೇಲೆ ಎಲ್ಲೋ ಅಲೆಯುತ್ತಿದ್ದಿರಿ.

ಇವಳೊಬ್ಬಳಾದರೂ ಮನೆಯಲ್ಲಿ ಉಳಿಯಲಿ ಅನ್ನಿಸಿತು. ಅವಳು ಸ್ನಾನಕ್ಕೆ ಹೋದಾಗ ಗುಜರಿಯವನನ್ನು ಕರೆದು, ಎದುರಿಗೇ ನಿಂತು ಸುತ್ತಿಗೆಯಿಂದ ಇಂಜಿನ್ ಒಡೆಸಿದೆ. ಸದ್ದು ಕೇಳಿ ಒದ್ದೆ ತಲೆಯಲ್ಲೇ ಓಡಿ ಬಂದಳು.

"ಯಾಕಜ್ಜಿ? ಹಿಂದೆ ಕೂತು ನೀನೂ ಕಿಲಕಿಲ ನಗ್ತಿದ್ಯಲ್ಲ!"

"ನಗು ಅಲ್ಲ, ಧೂಳಿಗೆ ಕೆಮ್ಮು ಬಂತು," ಅಂದೆ.

ಆಗಿನಿಂದ ಅವಳು ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಬಿಡಲಿ. ನಿಮ್ಮ ಜೊತೆ ಬಾಳಿದವಳಿಗೆ ಅದೇನೂ ಹೊಸದಲ್ಲ.