ಡೆನ್ಜಿಲ್ ಕಳಿಸಿದ ಬೀವರ್ ಚೀಲಗಳು

ನಾರ್ಬರ್ಟ್,

ನಾನು ಆಫೀಸಿಗೆ ಹೊರಟೆ. ನಿಮ್ಮನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ನಿನ್ನೆ ಹೋಟೆಲಿನಿಂದ ತಪಾವ್ ಮಾಡಿಸಿ, ಕಟ್ಟಿಸಿಕೊಂಡು ತಂದ ನಾಸಿ ಲೆಮಾಕ್ ತೆಂಗಿನಹಾಲಿನ ಅನ್ನ ಹಾಗೇ ಫ್ರಿಜ್ಜಿನಲ್ಲಿದೆ. ಬಿಸಿ ಮಾಡಿ ತಿನ್ನಿ, ದಯವಿಟ್ಟು.

ಡೆನ್ಜಿಲ್ ಬೋನಿಟ್ಟು ಹಿಡಿದ ಬೀವರ್ ಪ್ರಾಣಿಗಳ ಮೈಯಿಂದ ತೆಗೆದ ಗಂಧದ ಚೀಲಗಳನ್ನು ಬಾಲ್ಕನಿಯಿಂದ ಒಳಗೆ ತಂದು ಫ್ಯಾನಿನ ಕೆಳಗೆ ನೇತುಹಾಕಿದ್ದೇನೆ. ಒಣಮೀನಿನ ಹಾಗೆ ಬಿಸಿಲಿಗೆ ಹರವಿದ್ದೀರಲ್ಲ! ನೆರಳಲ್ಲೇ ಒಣಗಬೇಕು, ಎಣ್ಣೆ ಇಳಿದರೆ ಗಂಧವೂ ಹೋಯಿತು ಅಂತ ಡೆನ್ಜಿಲ್ ಕೆನಡಾದಿಂದ ಫೋನ್ ಮಾಡಿದಾಗಲೆಲ್ಲ ಹೇಳುತ್ತಿದ್ದ. ನಿಮ್ಮ ತಮ್ಮನ ಮಾತನ್ನು ನಾನೇ ನೆನಪಿಟ್ಟುಕೊಳ್ಳಬೇಕಾ?

ಸಂಜೆ ಸುಗಂಧದ ಅಂಗಡಿಯ ಲಿಮ್ ಅಂಕಲ್ ಅವನ್ನು ಕೊಳ್ಳಲು ಬರುತ್ತಾರೆ. ಜೋಡಿಯಾಗಿರುವ ಚೀಲಗಳನ್ನು ಕತ್ತರಿಸಬೇಡಿ. ಬಿಡಿಬಿಡಿಯಾದರೆ ಅವರು ಮುಟ್ಟುವುದಿಲ್ಲ. ತೊಳೆಯಲೂ ಬೇಡಿ. ಡೆನ್ಜಿಲ್ ಕಟ್ಟಿದ ಹಸಿರು ದಾರವನ್ನು ಮಾತ್ರ ಬಿಚ್ಚಿ ನನ್ನ ಡ್ರಾಯರಿನಲ್ಲಿಡಿ. ಅದನ್ನು ಕೊಡಬೇಡಿ.

"ಮುಂದಿನ ಚಳಿಗಾಲಕ್ಕೂ ತಮ್ಮ ಕಳಿಸ್ತಾನಲ್ಲಾ?" ಅಂತ ಅವರು ಕೇಳಿಯೇ ಕೇಳುತ್ತಾರೆ. ಕಳೆದ ವಾರ ಫೋನಿನಲ್ಲಿ ನೀವು "ಹ್ಞೂಂ, ಕಳಿಸ್ತಾನೆ" ಅಂದಿರಿ. ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಇವತ್ತು ಹಾಗೆ ಹೇಳಬೇಡಿ. ಬೋನುಗಳನ್ನು ನೋಡಿಬರಲು ಹೋದಾಗ ಹೊಳೆಯ ಮಂಜುಗಡ್ಡೆ ಒಡೆಯಿತು, ತಮ್ಮ ಹೋಗಿಬಿಟ್ಟ, ಈ ಪಾರ್ಸೆಲ್ ಆಮೇಲೆ ಬಂತು ಎಂದು ಹೇಳಿ. ನೀವು ಇನ್ನೂ ಯಾರ ಹತ್ತಿರವೂ ಅದನ್ನು ಬಾಯಿಬಿಟ್ಟು ಹೇಳಿಲ್ಲ. ನನ್ನ ಹತ್ತಿರವೂ.

ಹೇಳಿದ ಮೇಲೆ ನನಗೆ ಫೋನ್ ಮಾಡಿ. ಮಾತು ಬರದಿದ್ದರೆ ಸುಮ್ಮನೆ ಹಿಡಿದುಕೊಂಡಿರಿ. ನಾನು ಕಟ್ ಮಾಡುವುದಿಲ್ಲ.

ಅಲ್ಬಿನಾ