ಒಂದು ಬಾಟಲಿಯವರು ಮುಂದೆ

ಅಕ್ಟೋಬರ್ 6, ಸೋಮವಾರ. ಬೆಳಿಗ್ಗೆ ಹತ್ತೂವರೆ

ರಸ್ತೆ ಬದಿಯ ಚಿಲುಮೆಗೆ ಹೋಗಿ ಬಂದೆ. ಇವತ್ತೂ ಒಂದೇ ಬಾಟಲಿ. ಸಂಜೆಯ ಸೊಪ್ಪಿನ ಸೂಪಿಗೇ ಸಾಲದು, ನಾಳೆ ಮತ್ತೆ ಹೋಗಬೇಕು. ಹೋಗಬೇಕೆಂದೇ ಒಂದು ಬಾಟಲಿ.

ಕಣಿವೆಯ ಮಂಜು ಮೇಲೆ ಬಂದು ರಸ್ತೆಯ ತಿರುವಿನಲ್ಲಿ ನಿಂತುಬಿಟ್ಟಿತ್ತು. ಕಾರುಗಳು ನಿದ್ದೆಗಣ್ಣಲ್ಲಿ ನಡೆದ ಹಾಗೆ ಹಾದುಹೋದವು. ಗೋಡೆ ಕಾಣದು, ಕೊಳವೆ ಕಾಣದು, ನೀರು ಬೀಳುವ ಸದ್ದು ಮಾತ್ರ...

ಅಕ್ಕ ಎರುಂಡಿನಾ ಇದ್ದಳು. ಎಂಟು ಕ್ಯಾನು. ಹೆಚ್ಚು ಕ್ಯಾನಿನವರು ಒಂದು ಬಾಟಲಿಯವರಿಗೆ ದಾರಿ ಬಿಡಬೇಕು, ಇದು ಇಲ್ಲಿನ ಪದ್ಧತಿ. ಅಕ್ಕ ಪದ್ಧತಿ ಮುರಿಯುವವಳಲ್ಲ. ನನ್ನ ಮುಖ ನೋಡಲಿಲ್ಲ. ಕ್ಯಾನು ಸರಿಸಿ, "ಮುಂದೆ ಹೋಗು" ಎಂದಳು.

ಒಂಬತ್ತು ವರ್ಷದಿಂದ ನಮ್ಮಿಬ್ಬರ ನಡುವೆ ಉಳಿದ ಮಾತು ಇಷ್ಟೇ. ಇವತ್ತು ದನಿ ಸ್ವಲ್ಪ ಒಡೆದಿತ್ತು. ಶೀತವೋ? ಕೇಳಲಿಲ್ಲ. ಕೇಳಬಹುದಿತ್ತು.

ಅಕ್ಟೋಬರ್ 8

ವೀಗೊ ನಗರದಿಂದ ಬಂದವನೊಬ್ಬ ಇಪ್ಪತ್ತು ಕ್ಯಾನು ಸಾಲಾಗಿಟ್ಟು ಜಗ್ಗದೆ ನಿಂತಿದ್ದ. ಟ್ರ್ಯಾಕ್ಟರಿನ ಮೇಲಿಂದ ನಮ್ಮೂರಿನ ಮುದುಕ ಇಶಿನಿಯೊ ನನ್ನನ್ನು ತೋರಿಸಿ ಕೂಗಿದ:

"ಏನಪ್ಪಾ, ಬೆಟ್ಟಾನೇ ಹಿಂಡ್ಕೊಂಡು ಹೋಗ್ತೀಯಾ? ಆ ಹೆಂಗಸಿಗೆ ಜಾಗ ಬಿಡು, ಒಂದೇ ಬಾಟಲಿ ಐತೆ."

"ಹಾಗಂತ ಎಲ್ಲಿ ಬರೆದಿದೆ?"

"ಬರೆಯೋದೇನು? ನಿಮ್ಮಮ್ಮ ಹೇಳಿಕೊಡಬೇಕಿತ್ತು."

ಅಲ್ಲಿ ಬರೆದಿರುವುದು ಬೇರೆಯೇ. ಪಂಚಾಯ್ತಿಯ ಬೋರ್ಡು: ಶುದ್ಧೀಕರಿಸದ ನೀರು, ಕುಡಿಯಲು ಖಾತರಿಯಿಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು ಹಸು ಕಾಯಲು ಹೋದವಳು ನಾನು, ನಿಧಾನ ಓದುತ್ತೇನೆ, ಆದರೂ ಪ್ರತಿ ಸಲ ಕೊನೆತನಕ ಓದಿಯೇ ಬಾಟಲಿ ಒಡ್ಡುತ್ತೇನೆ. ಇಶಿನಿಯೊ ನಗುತ್ತಾನೆ. "ನಂಗೆ ಎಂಬತ್ತಾರು. ಬೋರ್ಡು ನೆಟ್ಟೋನು ಯಾವತ್ತೋ ಹೋದ."

ಅಕ್ಟೋಬರ್ 11. ಇನ್ನೂ ಬೆಳಕಾಗಿಲ್ಲ

ಅಮ್ಮನ ಕನಸು. ಕೊಳವೆಗೆ ಬೊಗಸೆ ಒಡ್ಡಿದ್ದಳು. ನೀರು ತುಂಬುತ್ತಲೇ ಇತ್ತು, ಚೆಲ್ಲುತ್ತಿರಲಿಲ್ಲ. ಅವಳು ಕುಡಿಯಲೂ ಇಲ್ಲ...

ಅಮ್ಮನಿಗೆ ಉಸಿರು ಕಟ್ಟಿದ ದಿನ ಅಕ್ಕ ಹೇಳಿದ್ದಳು, ಬಿಡು, ತನ್ನ ಹಾಸಿಗೆಯಲ್ಲೇ ಹೋಗಲಿ. ನನಗೆ ನೋಡಲಾಗಲಿಲ್ಲ. ಓಡಿಹೋಗಿ ಪಕ್ಕದ ಮನೆಯಿಂದ ಆಂಬುಲೆನ್ಸಿಗೆ ಫೋನ್ ಮಾಡಿದೆ. ಆಂಬುಲೆನ್ಸು ಚಿಲುಮೆಯ ತಿರುವು ದಾಟುವಷ್ಟರಲ್ಲಿ ಅಮ್ಮ ಇರಲಿಲ್ಲ. "ನಿನ್ನ ಹೆದರಿಕೆ ಅಮ್ಮನ್ನ ರಸ್ತೆ ಮೇಲೆ ಸಾಯಿಸ್ತು" ಎಂದಳು ಅಕ್ಕ. ಅದೇ ಕೊನೆ.

ಫೋನ್ ಮಾಡದಿದ್ದರೆ? ಮಾಡಿದ್ದರಿಂದಲೇ ಹೋದಳೇ? ಒಂಬತ್ತು ವರ್ಷ ಉರುಳಾಡಿದರೂ ಈ ಪ್ರಶ್ನೆ ಒಂದು ಮಗ್ಗುಲಿಗೆ ನಿಲ್ಲದು.

ಅಕ್ಟೋಬರ್ 14

ಅಕ್ಕ ಬರಲಿಲ್ಲ.

ಅಕ್ಟೋಬರ್ 15

ಇಲ್ಲ.

ಅಕ್ಟೋಬರ್ 20

ಅಕ್ಕ ಹೇಗಿದ್ದಾಳೆ ಎಂದು ಇಶಿನಿಯೊನನ್ನು ಕೇಳಿಯೇಬಿಟ್ಟೆ.

"ಚಿಮಣೀಲಿ ಹೊಗೆ ಬರ್ತಾ ಐತಲ್ಲೇ. ಸತ್ತೋರು ಒಲೆ ಹಚ್ತಾರಾ?" ಆಮೇಲೆ ಮೆಲ್ಲಗೆ, "ಹೋಗಿ ಬಾಗಿಲು ತಟ್ಟು, ಒಟಿಲಿಯಾ. ಬಾಗಿಲೇನು ಕಚ್ಚಲ್ಲ."

ಅಕ್ಕನ ಗೇಟಿನ ತನಕ ಹೋದೆ. ಅಂಗಳದ ತುಂಬ ಚೆಸ್ಟ್‌ನಟ್ ಕಾಯಿ ಬಿದ್ದಿದ್ದವು, ಯಾರೂ ಆರಿಸಿಲ್ಲ. ವಾಪಸ್ ಬಂದೆ.

ಅಕ್ಟೋಬರ್ 28

ಬಂದಳು! ಇಶಿನಿಯೊ ಟ್ರ್ಯಾಕ್ಟರಿನಲ್ಲಿ ಕರೆತಂದ. ಕೋಲು ಹಿಡಿದಿದ್ದಳು, ಮುಖ ಹಿಟ್ಟಿನ ಬಣ್ಣ. ಕೈಯಲ್ಲಿ ಒಂದೇ ಬಾಟಲಿ.

ನನ್ನದೂ ಒಂದು, ಅವಳದೂ ಒಂದು. ಪದ್ಧತಿಗೆ ಹೇಳಲು ಏನೂ ಉಳಿಯಲಿಲ್ಲ. ನಾನು ತುಂಬಿಕೊಂಡೆ, ಸರಿದೆ. ಅವಳು ಅರ್ಧ ತುಂಬಿಕೊಂಡಳು, ಹೋದಳು. ನೀರು ಬೀಳುತ್ತಲೇ ಇತ್ತು, ಏನೂ ಆಗದ ಹಾಗೆ.

ಅಕ್ಟೋಬರ್ 29

ಇನ್ನು "ಮುಂದೆ ಹೋಗು" ಎಂದು ಹೇಳಬೇಕಾದವಳು ನಾನು. ಹೇಳಬೇಕೆಂದರೆ ಕ್ಯಾನು ಬೇಕು. ಅಣಕಿಸುತ್ತಿದ್ದೇನೆ ಎಂದು ಅಕ್ಕ ಅಂದುಕೊಂಡರೆ? "ನೋಡು, ನನಗಿನ್ನೂ ಕಸುವಿದೆ" ಅಂತ ತೋರಿಸಲು ಬಂದೆ ಅಂದುಕೊಂಡರೆ? ನೆಲಮಾಳಿಗೆಯಿಂದ ಆರು ಕ್ಯಾನು ತಂದೆ. ತೊಳೆದೆ. ಮತ್ತೆ ತೊಳೆದೆ.

ಅಕ್ಟೋಬರ್ 31. ಮಧ್ಯಾಹ್ನ ಒಂದು

ಬೂಟು ಒದ್ದೆಯಾಗಿದೆ, ಕಳಚದೆಯೇ ಬರೆಯುತ್ತಿದ್ದೇನೆ.

ತಳ್ಳುಗಾಡಿಯಲ್ಲಿ ಆರು ಕ್ಯಾನು ಒಯ್ದೆ. ಮೊದಲನೆಯದು ಅರ್ಧ ತುಂಬಿತ್ತು, ಟ್ರ್ಯಾಕ್ಟರ್ ಬಂತು. ಅಕ್ಕ ಇಳಿದಳು. ಬಾಯಿ ಒಣಗಿಹೋಯಿತು, ನೀರಿನ ಮುಂದೆಯೇ ನಿಂತು.

"ಮುಂದೆ ಹೋಗು, ಅಕ್ಕಾ."

ಅಕ್ಕಾ ಎನ್ನುವುದು ತಾನಾಗಿ ಬಂತು. ಅವಳು ಕ್ಯಾನುಗಳನ್ನು ನೋಡಿದಳು.

"ಆರು! ಮನೆಗೆ ಬೆಂಕಿ ಬಿದ್ದೈತಾ?"

"ಇಲ್ಲ."

"ಮೂರು ಸಲ ತೊಳೆದಿರ್ತೀಯ."

"ನಾಲ್ಕು."

ತುಂಬಿಕೊಂಡಳು. ಹೋಗಲಿಲ್ಲ. ಕಲ್ಲುಕಟ್ಟೆಯ ಮೇಲೆ ಕೂತಳು. "ನೀನು ತುಂಬು. ನಂಗೇನು ಅವಸರ." ಇಶಿನಿಯೊ ಇಂಜಿನ್ ನಿಲ್ಲಿಸಿ, ಟೊಪ್ಪಿಗೆಯನ್ನು ಕಣ್ಣಿಗೆಳೆದು ನಿದ್ದೆ ಮಾಡಿದ, ಅಥವಾ ನಟಿಸಿದ.

ಮೂರನೇ ಕ್ಯಾನಿನ ಹೊತ್ತಿಗೆ ಹೇಳಿದಳು. ಹೃದಯದ ಕಾಯಿಲೆಯಂತೆ. ಮಲಗಿದರೆ ಉಸಿರು ಸಿಗುವುದಿಲ್ಲವಂತೆ.

"ಒಬ್ಬಳೇ ಇದ್ದಾಗ ಹಾಗಾದ್ರೆ, ಲಿಯಾ... ಭಯ ಆಗುತ್ತೆ ಕಣೇ." ನೆಲ ನೋಡುತ್ತಿದ್ದಳು. "ನೀನು ಬಂದು ಇರ್ತೀಯಾ?"

"ಇರ್ತೀನಿ."

"ಉಸಿರು ಕಟ್ಟಿದ್ರೆ? ಫೋನ್ ಮಾಡ್ತೀಯಾ?"

ಏನು ಹೇಳಬೇಕಿತ್ತು? ಇಲ್ಲ ಎಂದಿದ್ದರೆ ಹಿತವಾಗುತ್ತಿತ್ತೇನೋ. ಸುಳ್ಳು ಬಾಯಿಗೆ ಬರಲಿಲ್ಲ.

"ಮಾಡ್ತೀನಿ ಅಕ್ಕಾ. ಬೇಡ ಅಂದ್ರೂ ಮಾಡ್ತೀನಿ. ನಾನು ಇರೋದೇ ಹೀಗೆ."

ಕ್ಯಾನು ತುಂಬಿ ಉಕ್ಕಿತು, ನನ್ನ ಬೂಟಿನ ಮೇಲೆ ಹರಿಯಿತು. ಯಾರೂ ಸರಿಸಲಿಲ್ಲ. ಒಂದು ಲಾರಿ ಮಂಜಿನೊಳಕ್ಕೆ ಹೋಯಿತು. ಅಕ್ಕ ತನ್ನ ಬಾಟಲಿಯ ಮುಚ್ಚಳ ಬಿಗಿಮಾಡಿದಳು.

"ಮಾಡು" ಎಂದಳು.

ಸಂಜೆ ಐದು

ಚೀಲ ಕಟ್ಟಿದೆ. ಶಾಲು, ಬಿಪಿ ಮಾತ್ರೆ, ಫೋನು, ಅದರ ಚಾರ್ಜರ್. ಕೋಳಿಗಳನ್ನೂ ಒಯ್ಯಬೇಕು, ಅಕ್ಕನಿಗೆ ಹೇಳಿಲ್ಲ, ಬೈಯುತ್ತಾಳೆ. ಒಲೆ ಆರಿದೆಯೇ ಎಂದು ಎರಡು ಸಲ ನೋಡಿದೆ. ಹೊರಗೆ ಟ್ರ್ಯಾಕ್ಟರು. ಅಕ್ಕನ ದನಿಯೂ — "ಒಲೆ ಆರಿರುತ್ತೆ, ಬಾರೇ!" ಇನ್ನೊಂದೇ ಸಲ ನೋಡಿ ಹೊರಡುತ್ತೇನೆ.