ಪ್ರೊಪೆಲರ್ ತಿರುಗುತ್ತಿರುವ ಫೋಟೊ

ಡಕ್ಸ್‌ಫರ್ಡ್, ಶುಕ್ರವಾರ

ಪ್ರೀತಿಯ ಅಪ್ಪ,

ಹನ್ನೊಂದು ವರ್ಷ ನೀವು ರಿಪೇರಿ ಮಾಡಿದ ಹಳೆಯ ಯುದ್ಧವಿಮಾನ ಇವತ್ತು ಹಾರಿತು. ಕಾಲು ಮುರಿದುಕೊಂಡು ಮಲಗಿರುವ ನಿಮಗಾಗಿ ನಲವತ್ತು ಫೋಟೊ ತೆಗೆದೆ. ಕ್ಯಾಮೆರಾದ ಶಟರ್ ವೇಗ ಹೆಚ್ಚಾಗಿ, ಎಲ್ಲದರಲ್ಲೂ ಪ್ರೊಪೆಲರ್ ನಿಂತುಹೋದಂತಿದೆ. ನಿಮ್ಮ ಶೆಡ್ಡಿನ ನಾರ್ಮನ್ ನೋಡಿ, “ಇದನ್ನ ನಿಮ್ಮಪ್ಪಂಗೆ ತೋರಿಸ್ಬೇಡಮ್ಮ. ಎಂಜಿನ್ ಕೈಕೊಡ್ತು ಅಂತ ಎದ್ದು ಓಡಿಬಂದು ಇನ್ನೊಂದು ಕಾಲೂ ಮುರ್ಕೋತಾನೆ” ಎಂದರು.

ವಿಮಾನ ಕೊನೆಯ ಸುತ್ತು ಬರುವಾಗ ಶಟರ್ ವೇಗ ತಗ್ಗಿಸಿ ಇನ್ನೊಂದು ತೆಗೆದೆ. ಅದರಲ್ಲಿ ಪ್ರೊಪೆಲರ್ ಚೆನ್ನಾಗಿ ತಿರುಗುತ್ತಿದೆ, ವಿಮಾನದ ಬಾಲ ಮಾತ್ರ ಚಿತ್ರದಲ್ಲಿಲ್ಲ. ಸೋಮವಾರ ಅದೊಂದನ್ನೇ ತರುತ್ತೇನೆ.

ನೋವಿನ ಮಾತ್ರೆ ಊಟವಾದ ಮೇಲೆಯೇ ತೆಗೆದುಕೊಳ್ಳಿ.

ವಿಮಾನ ಇಳಿದ ಮೇಲೆ ಅಡಿಯಲ್ಲಿ ಬಗ್ಗಿ ನೋಡಿದೆ. ನೀವು ಹೇಳಿದ ಜಾಗದಿಂದಲೇ ಎಣ್ಣೆ ತೊಟ್ಟಿಕ್ಕುತ್ತಿತ್ತು. “ಸದ್ಯ, ಸೋರ್ತಿದೆ ಅಂದ್ರೆ ಎಣ್ಣೆ ಇನ್ನೂ ಇದೆ” ಎಂದು ನಾರ್ಮನ್ ಎಣ್ಣೆ ಹಿಡಿಯುವ ನಿಮ್ಮ ಹಳೆಯ ತಟ್ಟೆಯನ್ನೇ ಕೆಳಗಿಟ್ಟರು.

ಹಿಲರಿ